ವಶವೂ ಸ್ವತ್ವವೂ

ಒಂದು ವಸ್ತುವನ್ನು ಕುರಿತು ‘ಇದು ನನ್ನದು’ ಎಂದು ಮನುಷ್ಯನು ಹೇಳುವಾಗ ಆ ಮಾತಿಗೆ ಪ್ರಮಾಣವಾಗುವುದು ಶಾಸ್ತ್ರವೋ ಲೋಕವೋ ಎಂಬ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿದವನು, ತನ್ನದೆಂಬುದು ಯಾವುದನ್ನೂ ಇಟ್ಟುಕೊಳ್ಳದ ಒಬ್ಬ ಪರಿವ್ರಾಜಕನೆಂಬುದು ಸ್ವಾರಸ್ಯವಾದ ಸಂಗತಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದ ದೀರ್ಘಕಾಲದಲ್ಲಿ, ಇಂದು ಬಸವಕಲ್ಯಾಣವೆಂದು ನಾವು ಕರೆಯುವ ಆ ರಾಜಧಾನಿಯಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ದಾಯಭಾಗ ಪ್ರಕರಣವನ್ನು ಆರಂಭಿಸುವಾಗ, ಆಸ್ತಿಯನ್ನು ಹಂಚುವುದಕ್ಕೆ ಮುಂಚೆ ಆಸ್ತಿಯೆಂದರೇನೆಂಬುದು ನಿಶ್ಚಯವಾಗಬೇಕಲ್ಲವೆ ಎಂದು ತಡೆದು ನಿಲ್ಲುತ್ತಾನೆ. ಸ್ವತ್ವವು ಶಾಸ್ತ್ರದಿಂದ ಮಾತ್ರವೇ ತಿಳಿಯತಕ್ಕದ್ದು ಎನ್ನುವ ವಾದಿಗಳು ಅವನೆದುರಿಗೆ ಹರಿತವಾದ ಒಂದು ಆಕ್ಷೇಪವನ್ನು ಒಡ್ಡುತ್ತಾರೆ: ಸ್ವತ್ವವು ಲೌಕಿಕವೆಂದಾದರೆ, ನನ್ನ ಸೊತ್ತನ್ನು ಇವನು ಅಪಹರಿಸಿದನೆಂದು ಯಾರೂ ದೂರಲಾರರು, ಯಾವನು ತೆಗೆದುಕೊಂಡನೋ ಅವನದೇ ಸೊತ್ತು ಎಂದಾಗಿಬಿಡುವುದು. ವಿಜ್ಞಾನೇಶ್ವರನು ಇದಕ್ಕೆ ಮಣಿಯಲಿಲ್ಲ. ಶಾಸ್ತ್ರದ ಹೆಸರನ್ನೇ ಅರಿಯದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ತಮ್ಮದು ಪರರದು ಎಂಬ ಭೇದವನ್ನು ಬಲ್ಲರು. ಆದುದರಿಂದ ಸ್ವತ್ವವು ಲೋಕವ್ಯವಹಾರದಿಂದಲೇ ಸಿದ್ಧವಾದದ್ದು. ಕಳ್ಳನ ವಿಷಯದಲ್ಲಿ ನಾವು ವಿಚಾರಿಸುವುದು ವಸ್ತು ಅವನಿಗೆ ಬಂದ ಕಾರಣವನ್ನು, ಅಂದರೆ ಕ್ರಯವೇ ಮುಂತಾದ ಹೇತು ಇದ್ದಿತೋ ಇಲ್ಲವೋ ಎಂಬುದನ್ನು ಎಂದು ಅವನ ಸಮಾಧಾನ.

ಒಂಬೈನೂರು ವರ್ಷಗಳ ಹಿಂದೆ ಪೂರ್ವಪಕ್ಷವಾಗಿ ಬಂದು ಸೋತುಹೋದ ಆ ಆಕ್ಷೇಪವನ್ನೇ ಸಿದ್ಧಾಂತವಾಗಿ ಅಂಗೀಕರಿಸಿ, ಅದರ ಮೇಲೆ ಒಂದು ಧನವ್ಯವಸ್ಥೆಯನ್ನೇ ಕಟ್ಟಿರುವರೆಂಬುದು ನನಗೆ ಮನವರಿಕೆಯಾದದ್ದು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ನೌಕರಿಯಲ್ಲಿರುವ ನನ್ನ ಸೋದರಳಿಯನು ಒಂದು ಭಾನುವಾರ ನಮ್ಮ ಮನೆಯ ಊಟದ ಮೇಜಿನ ಮುಂದೆ ಕುಳಿತು ತನ್ನ ಮೊದಲ ಬಿಟ್‌ಕಾಯಿನ್ ವಾಲೆಟ್ಟನ್ನು ತೆರೆದಾಗ. ಎಕ್ಸ್‌ಚೇಂಜಿನವರ ಕೈಯಲ್ಲಿ ಇಟ್ಟಿದ್ದ ಅಲ್ಪಸ್ವಲ್ಪ ಹಣವನ್ನು ತನ್ನ ಸ್ವಂತ ವಶಕ್ಕೆ ತಂದುಕೊಳ್ಳಬೇಕೆಂಬುದು ಅವನ ಸಂಕಲ್ಪ. ಆ್ಯಪಿನಲ್ಲಿ ಹೊಸ ವಾಲೆಟ್ ಎಂಬುದನ್ನು ಒತ್ತುವುದಕ್ಕೆ ಮೊದಲು ಅವನು ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಒಂದು ಹಾಳೆಯನ್ನು ಹರಿದುಕೊಂಡು, ಕೆಳಗಣ ಹಾಳೆಯಲ್ಲಿ ಬರೆಹದ ಒತ್ತು ಮೂಡದಿರಲೆಂದು ಬರಿಯ ಮೇಜಿನ ಮೇಲೆ ಅದನ್ನು ಹಾಸಿದನು. ತೆರೆಯ ಮೇಲೆ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಹಾಕಿದ ಇಂಗ್ಲಿಷ್ ಪದಗಳು ಮೂಡಿದುವು. ಅವುಗಳಿಗೆ ಅರ್ಥಸಂಬಂಧವೇನೂ ಇಲ್ಲ. ಒಂದು ಹಣ್ಣಿನ ಹೆಸರಾದ ಮೇಲೆ ಒಂದು ಕ್ರಿಯಾಪದ, ಅದಾದ ಮೇಲೆ ಮನೆಯ ಸಾಮಾನಿನ ಹೆಸರು. ಅವನು ಬಾಲ್‌ಪೆನ್ನಿನಿಂದ ಒಂದೊಂದನ್ನೂ ಬಿಡಿಬಿಡಿಯಾಗಿ ದಪ್ಪಕ್ಷರದಲ್ಲಿ ಬರೆದುಕೊಂಡನು. ಅದೇಕೆ ಇಷ್ಟು ಕಷ್ಟ, ಫೋಟೊ ತೆಗೆದುಕೊಳ್ಳಬಾರದೇನೋ ಎಂದೆ.

“ಬೇಡ ಮಾವ. ಫೋಟೊ ತೆಗೆದರೆ ಅದು ಎಲ್ಲೆಲ್ಲಿಗೋ ಹೋಗಿ ಕೂತಿರುತ್ತೆ. ಈ ಹನ್ನೆರಡು ಪದ ಯಾರಿಗೆ ಗೊತ್ತೋ ಅವರೇ ಯಜಮಾನರು.”

“ಕಳೆದುಹೋದರೆ? ಅರ್ಜಿ ಬರೆದರೆ ಬೇರೆ ಪಾಸ್‌ವರ್ಡ್ ಕೊಡುವುದಿಲ್ಲವೆ?”

“ಕೊಡೋದಕ್ಕೆ ಯಾರಿದ್ದಾರೆ ಮಾವ? ಅರ್ಜಿ ಯಾರಿಗೆ ಬರೀತೀರಿ?”

ಅವನ ಉತ್ತರದಲ್ಲಿ ಹೆಮ್ಮೆ ಎಷ್ಟಿತ್ತೋ ಅಷ್ಟೇ ಭಯವೂ ಇತ್ತೆಂದು ನನಗೆ ತೋರಿತು.

ಈ ಪದಗಳ ವಿಧಿಯನ್ನು 2013ರಲ್ಲಿ ಬಿಐಪಿ-39 ಎಂಬ ಪ್ರಸ್ತಾವವು ರೂಢಿಗೆ ತಂದಿತು. ಮೊದಲ ನಾಲ್ಕು ಅಕ್ಷರಗಳಿಂದಲೇ ಒಂದನ್ನು ಇನ್ನೊಂದರಿಂದ ಬೇರ್ಪಡಿಸಬಹುದಾದಂಥ 2,048 ಸರಳ ಪದಗಳ ಪಟ್ಟಿಯೊಂದುಂಟು. ಯಂತ್ರವು ಯಾದೃಚ್ಛಿಕವಾಗಿ 128 ಬಿಟ್‌ಗಳನ್ನು ಆರಿಸಿ, ಬರೆದುಕೊಳ್ಳುವಾಗ ತಪ್ಪಿದರೆ ಗೊತ್ತಾಗಲೆಂದು ಅದಕ್ಕೆ ನಾಲ್ಕು ತಾಳೆಬಿಟ್‌ಗಳನ್ನು ಸೇರಿಸಿ, ಒಟ್ಟನ್ನು ಹನ್ನೆರಡು ಪಾಲು ಮಾಡಿ, ಪಾಲಿಗೊಂದು ಪದವನ್ನು ಪಟ್ಟಿಯಿಂದ ಎತ್ತಿಕೊಡುತ್ತದೆ. ಹೀಗೆ ಹುಟ್ಟಬಹುದಾದ ಸರಣಿಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು. ಊಹೆಯಿಂದ ಇನ್ನೊಬ್ಬನ ಸರಣಿಯನ್ನು ಮುಟ್ಟುವೆನೆಂಬುದು ವ್ಯರ್ಥಪ್ರಯಾಸ. ಜಪಾನಿ, ಫ್ರೆಂಚ್, ಸ್ಪ್ಯಾನಿಷ್ ಮೊದಲಾದ ಭಾಷೆಗಳಲ್ಲಿಯೂ ಪಟ್ಟಿಗಳನ್ನು ಮಾಡಿರುವರು. ಭಾರತದ ಭಾಷೆ ಯಾವುದಕ್ಕೂ ಆ ಭಾಗ್ಯ ಒದಗಿಲ್ಲವಾಗಿ, ಇಂಗ್ಲಿಷ್ ಬಾರದ ಕನ್ನಡಿಗನು ತನ್ನ ಸರ್ವಸ್ವವನ್ನು ತನಗೆ ತಿಳಿಯದ ಅಕ್ಷರಗಳ ಚಿತ್ರವಾಗಿ ಕಾಪಾಡಿಕೊಳ್ಳಬೇಕು. ಇನ್ನು ನಾಣ್ಯವೆಲ್ಲಿ ಎಂದರೆ, ಅದು ವಾಲೆಟ್ಟಿನೊಳಗೆ ಇಲ್ಲವೇ ಇಲ್ಲ. ಜಗತ್ತಿನಾದ್ಯಂತ ಸಾವಿರಾರು ಗಣಕಯಂತ್ರಗಳು ಏಕಪ್ರಕಾರವಾಗಿ ಇಟ್ಟುಕೊಂಡಿರುವ ಒಂದು ಬಹಿರಂಗ ಲೆಕ್ಕದ ಪುಸ್ತಕದಲ್ಲಿ ಅದು ಒಂದು ಸಾಲು; ಆ ಸಾಲನ್ನು ಇನ್ನೊಬ್ಬರ ಹೆಸರಿಗೆ ದಾಟಿಸಲು ಬೇಕಾದ ರಹಸ್ಯ ಸಂಖ್ಯೆ, ಅಂದರೆ ಕೀಲಿ, ಮಾತ್ರ ಈ ಹಾಳೆಯಲ್ಲಿ ಅಡಗಿದೆ. ಇನ್ನೊಬ್ಬರ ಹೆಸರು ಎಂದೆನಲ್ಲ, ಅದೂ ಉಪಚಾರದ ಮಾತೇ. ಆ ಪುಸ್ತಕದಲ್ಲಿ ಹೆಸರುಗಳೇ ಇಲ್ಲ.

ಹೀಗಿರಲು ಇಲ್ಲಿ ಸೊತ್ತೆನಿಸಿಕೊಂಡದ್ದು ಒಂದು ಅರಿವು, ಪರರಿಗಿಲ್ಲದೆ ನನಗೊಬ್ಬನಿಗೇ ಇರುವ ಅರಿವು, ಎಂದಾಯಿತು. ನಮ್ಮ ಪೂರ್ವಿಕರು ವಿದ್ಯೆಯನ್ನು ಧನವೆಂದು ಕರೆದರು, ನಿಜ. ಆದರೆ ಕಳ್ಳರು ಕದಿಯಲಾರದ್ದು, ಸೋದರರು ಪಾಲು ಕೇಳಲಾರದ್ದು, ಕೊಟ್ಟಷ್ಟೂ ಬೆಳೆಯುವುದು ಎಂಬ ಗುಣಗಳಿಗಾಗಿ ಹಾಗೆ ಕರೆದರು. ಇಲ್ಲಿ ಧನವೇ ವಿದ್ಯೆಯ ವೇಷ ಧರಿಸಿ ಬಂದಿದೆಯಾದರೂ ಆ ಗುಣಗಳಲ್ಲಿ ಒಂದನ್ನೂ ತಂದಿಲ್ಲ; ಕದ್ದರೆ ಹೋಗುತ್ತದೆ, ಹೇಳಿದರೆ ಹೋಗುತ್ತದೆ, ಮರೆತರಂತೂ ಯಾರಿಗೂ ಸಿಕ್ಕದೆ ಹೋಗುತ್ತದೆ. ಗೋಪ್ಯತೆಯನ್ನು ನೋಡಿದರೆ ಇದಕ್ಕೆ ಸಮೀಪವಾದದ್ದು ಮಂತ್ರೋಪದೇಶವೆನ್ನಬೇಕು. ಮುಂದೆ ನಮ್ಮ ಮೇಲುಕೋಟೆಯಲ್ಲಿ ನೆಲಸಿದ ರಾಮಾನುಜರು ತಿರುಕೋಷ್ಟಿಯೂರಿನ ಗುರುವಿನಿಂದ, ಯಾರಿಗೂ ಹೇಳಕೂಡದೆಂಬ ಕಟ್ಟಳೆಯ ಮೇಲೆ, ಮಂತ್ರಾರ್ಥವನ್ನು ಪಡೆದು, ಕೇಳಿದವರೆಲ್ಲ ಉದ್ಧಾರವಾಗುವುದಾದರೆ ತಾವೊಬ್ಬರು ನರಕಕ್ಕೆ ಹೋದರೂ ಸರಿಯೆಂದು ಗೋಪುರವನ್ನೇರಿ ಊರಿಗೆಲ್ಲ ಸಾರಿದರೆಂದು ಗುರುಪರಂಪರೆಯ ಕಥೆಗಳು ಹೇಳುತ್ತವೆ. ಈ ಹನ್ನೆರಡು ಪದಗಳನ್ನು ಗೋಪುರದಿಂದ ಸಾರಿದರೆ ಉದ್ಧಾರವಾಗುವವನು ಒಬ್ಬನೇ, ಮೊದಲು ಕೇಳಿಸಿಕೊಂಡು ಮೊಬೈಲಿನಲ್ಲಿ ಬೇಗನೆ ಒತ್ತಿದವನು. ಮಂತ್ರದ ಗೋಪ್ಯವು ಅನಧಿಕಾರಿಯಿಂದ ಮಂತ್ರವನ್ನು ಕಾಯುವುದಕ್ಕಾಗಿ. ಈ ಗೋಪ್ಯವು ಸಮಸ್ತ ಮಾನವಕೋಟಿಯಿಂದ ಒಬ್ಬನ ಹಣವನ್ನು ಕಾಯುವುದಕ್ಕಾಗಿ. ಮನುಷ್ಯನು ಪ್ರತಿಯೊಬ್ಬನನ್ನೂ ಸಂಭಾವ್ಯ ಚೋರನೆಂದೇ ಭಾವಿಸಬೇಕಾದ ಸ್ಥಿತಿಯನ್ನು ಸ್ವಾತಂತ್ರ್ಯವೆಂದು ಕರೆಯಬಹುದೆ ಎಂಬ ಶಂಕೆ ಇಲ್ಲಿಂದಲೇ ಏಳುತ್ತದೆ.

ಶಂಕೆ ಏಳುತ್ತದೆಂದ ಮಾತ್ರಕ್ಕೆ ಆ ಸ್ವಾತಂತ್ರ್ಯಾಪೇಕ್ಷೆಯನ್ನು ತುಚ್ಛವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸತೋಷಿ ನಕಾಮೊಟೊ ಎಂಬ ಹೆಸರಿನ ಮರೆಯಲ್ಲಿದ್ದವರು 2008ರ ಅಕ್ಟೋಬರ್ 31ರಂದು ಬಿಟ್‌ಕಾಯಿನ್ನಿನ ರೂಪರೇಖೆಯನ್ನು ಪ್ರಕಟಿಸಿ, 2009ರ ಜನವರಿ 3ರ ಮೊದಲ ಬ್ಲಾಕಿನಲ್ಲಿ, ಅಂದರೆ ಆ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ, ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಅಂದಿನ ಶಿರೋನಾಮೆಯನ್ನು ಹುದುಗಿಸಿದರು. ಆ ಶಿರೋನಾಮೆ ಬ್ಯಾಂಕುಗಳನ್ನು ಸರ್ಕಾರವು ಎರಡನೆಯ ಬಾರಿ ಕೈಹಿಡಿದೆತ್ತಲಿರುವುದನ್ನು ಕುರಿತದ್ದು. ಪರರ ನಿಕ್ಷೇಪದಿಂದ ಬದುಕುವವರ ಮೇಲಣ ಅವಿಶ್ವಾಸವೇ ಈ ವ್ಯವಸ್ಥೆಯ ಬೀಜ. (ಆ ಮೊದಲ ಬ್ಲಾಕಿನ 50 ನಾಣ್ಯಗಳು ಯಾರಿಂದಲೂ, ಅವುಗಳ ಕೀಲಿಯುಳ್ಳವರಿಂದಲೂ, ಖರ್ಚು ಮಾಡಲಾಗದಂಥವು, ಆದರೂ ಆ ವಿಳಾಸಕ್ಕೆ ಜನರು ಸಣ್ಣಪುಟ್ಟ ಮೊತ್ತಗಳನ್ನು ಕಾಣಿಕೆಯಾಗಿ ಕಳುಹಿಸುತ್ತಲೇ ಇರುವರು. ಅಜ್ಞಾತ ಸ್ಥಾಪಕನಿಗೆ ಹುಂಡಿಯಿಡುವ ಬುದ್ಧಿ ಯಂತ್ರಯುಗದಲ್ಲಿಯೂ ಮಾಯವಾಗಲಿಲ್ಲ.)

ಅವಿಶ್ವಾಸಕ್ಕೆ ಕಾರಣಗಳೂ ಕಡಮೆಯಿಲ್ಲ. ಟೋಕಿಯೊ ನಗರದ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜು 2014ರ ಫೆಬ್ರವರಿಯಲ್ಲಿ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್ನುಗಳು ಕಾಣೆಯಾದುವೆಂದು ದಿವಾಳಿಯ ಬಾಗಿಲಿಗೆ ಬಂದಿತು; ಅವುಗಳಲ್ಲಿ ಎರಡು ಲಕ್ಷದಷ್ಟು ಮಾತ್ರ ಆಮೇಲೆ ಸಿಕ್ಕಿದುವು. 2022ರ ನವೆಂಬರಿನಲ್ಲಿ ಕುಸಿದ ಎಫ್‌ಟಿಎಕ್ಸ್ ಸಂಸ್ಥೆಯ ಸ್ಥಾಪಕನು ಗ್ರಾಹಕರ ಹಣವನ್ನು ತನ್ನ ಇನ್ನೊಂದು ವ್ಯಾಪಾರಕ್ಕೆ ಹರಿಸಿಕೊಂಡದ್ದಕ್ಕಾಗಿ ಅಮೆರಿಕದಲ್ಲಿ 25 ವರ್ಷಗಳ ಸೆರೆವಾಸಕ್ಕೆ ಗುರಿಯಾದನು. ನಮ್ಮ ದೇಶದ ವಾಜಿರ್‌ಎಕ್ಸ್‌ನಿಂದ 2024ರ ಜುಲೈ 18ರಂದು ಕಳ್ಳರು ಸುಮಾರು 23 ಕೋಟಿ ಡಾಲರುಗಳಷ್ಟನ್ನು ಒಯ್ದರು. ನಿಕ್ಷೇಪವಿಟ್ಟವರ ಗತಿಯೇನೆಂಬುದನ್ನು ಯಾಜ್ಞವಲ್ಕ್ಯನು ಬಹಳ ಹಿಂದೆಯೇ ವಿಚಾರಿಸಿರುವನು: ಪೆಟ್ಟಿಗೆಯಲ್ಲಿಟ್ಟು, ಒಳಗೇನಿದೆಯೆಂದು ಹೇಳದೆ, ಪರರ ಕೈಗೊಪ್ಪಿಸಿದ ದ್ರವ್ಯವನ್ನು ಇದ್ದದ್ದು ಇದ್ದಂತೆಯೇ ಹಿಂದಿರುಗಿಸತಕ್ಕದ್ದು, ಅದನ್ನು ಸ್ವೇಚ್ಛೆಯಿಂದ ಬಳಸಿ ಜೀವಿಸಿದವನು ದಂಡನಾರ್ಹನು, ಲಾಭಸಹಿತವಾಗಿ ತೆರಬೇಕಾದವನು, ಆದರೆ ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋಗಿದ್ದರೆ ಅವನಿಂದ ಕೊಡಿಸಕೂಡದು. ಮೊದಲರ್ಧವನ್ನು ಓದಿದಾಗ ಎಫ್‌ಟಿಎಕ್ಸ್ ನೆನಪಾಗುತ್ತದೆ. ಎರಡನೆಯ ಅರ್ಧದಲ್ಲಿ, ಕಳ್ಳರು ಕದ್ದರು, ನಾವೇನು ಮಾಡೋಣ ಎನ್ನುವ ಎಲ್ಲ ಎಕ್ಸ್‌ಚೇಂಜುಗಳಿಗೂ ಸ್ಮೃತಿಕಾರನು ಆಶ್ರಯ ಕೊಟ್ಟಂತಿದೆ. ಇಂಥ ಆಶ್ರಯವನ್ನು ಕಂಡವನು ನಿಕ್ಷೇಪವೇ ಬೇಡ, ನನ್ನ ಪೆಟ್ಟಿಗೆಯನ್ನು ನಾನೇ ಕಾಯುವೆನೆಂದರೆ ಅವನನ್ನು ದೂಷಿಸುವುದು ಹೇಗೆ?

ಆದರೆ ಕಾಯುವೆನೆಂದವನು ಮೊದಲು ಹಣವನ್ನು ಅಲ್ಲಿಗೆ ತರಬೇಕಷ್ಟೆ. ಅದಕ್ಕಿರುವ ಹಾದಿಯು, ಯಾರನ್ನು ಬಿಟ್ಟುಹೋಗಬೇಕೆಂದನೋ ಅವರ ಬಾಗಿಲಿನಿಂದಲೇ ಹಾಯ್ದುಹೋಗುತ್ತದೆ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆಗಳನ್ನು ಒಪ್ಪಿಸಿ ಎಕ್ಸ್‌ಚೇಂಜಿನಲ್ಲಿ ರೂಪಾಯಿಯನ್ನು ನಾಣ್ಯಕ್ಕೆ ಬದಲಾಯಿಸಬೇಕು. ಮುಂದೆಂದಾದರೂ ಮಾರಿದಾಗ ಲಾಭದ ಮೇಲೆ ನೂರಕ್ಕೆ 30ರಂತೆ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತೆರಿಗೆಯನ್ನೂ, ಅದೇ ವರ್ಷದ ಜುಲೈನಿಂದ ಬಂದ ನೂರಕ್ಕೊಂದರ ಟಿಡಿಎಸ್ಸನ್ನೂ ಸಲ್ಲಿಸಬೇಕು. ನಾಣ್ಯವನ್ನು ಕೊಂಡಾದ ಮೇಲೆ ಬಿಸಿ1 ಎಂಬ ಅಕ್ಷರಗಳಿಂದ ಆರಂಭವಾಗುವ ತನ್ನ ಉದ್ದನೆಯ ವಿಳಾಸವನ್ನು ಕಾಪಿ ಮಾಡಿ ಅಲ್ಲಿ ಅಂಟಿಸಿ, ಮೊದಲ ಕೊನೆಯ ಅಕ್ಷರಗಳನ್ನು ಕಣ್ಣಿಟ್ಟು ತಾಳೆನೋಡಿ (ಅಂಟಿಸುವ ಕ್ಷಣದಲ್ಲಿ ವಿಳಾಸವನ್ನೇ ಬದಲಾಯಿಸುವ ದುಷ್ಟ ತಂತ್ರಾಂಶಗಳಿವೆ) ಕಳುಹಿಸಬೇಕು. ನನ್ನ ಅಳಿಯನು ಮಾಡಿದ ಕ್ರಮವು ನನಗೆ ಮೆಚ್ಚಿಗೆಯಾಯಿತು. ಅವನು ಮೊದಲು ಅತ್ಯಲ್ಪ ಮೊತ್ತವನ್ನು ಕಳುಹಿಸಿದನು. ಒಂದು ಬ್ಲಾಕು ಸೇರಲು ಸರಾಸರಿ ಹತ್ತು ನಿಮಿಷ. ಕಾಫಿಯಾಗುವಷ್ಟರಲ್ಲಿ ಹಣ ತಲಪಿತು. ಸಾಗಣೆಯ ಶುಲ್ಕವು ಮೊತ್ತವನ್ನು ನೋಡಿ ಏರುವುದಲ್ಲ, ವ್ಯವಹಾರದ ದತ್ತಾಂಶವು ಬ್ಲಾಕಿನಲ್ಲಿ ಹಿಡಿಯುವ ಜಾಗವನ್ನು ನೋಡಿ ಏರುವುದೆಂಬುದನ್ನು ಆಗ ಅವನಿಂದಲೇ ತಿಳಿದೆ. ಹಣ ತಲಪಿದ ಮೇಲೆ, ನಾನು ಗಾಬರಿಯಾಗುವಂತೆ, ಅವನು ಆ್ಯಪನ್ನೇ ಮೊಬೈಲಿನಿಂದ ಅಳಿಸಿಹಾಕಿದನು. ಬಳಿಕ ಮತ್ತೆ ಇಳಿಸಿಕೊಂಡು, ಹಾಳೆಯನ್ನು ನೋಡಿ ಹನ್ನೆರಡು ಪದಗಳನ್ನು ಒಂದೊಂದಾಗಿ ಒತ್ತಿದಾಗ ಆ ಅಲ್ಪ ಮೊತ್ತವು ಹಾಗೆಯೇ ತೋರಿತು. ಉಳಿದುದನ್ನು ಕಳುಹಿಸಿದ್ದು ಆಮೇಲೆ. ಕಳೆದುಕೊಳ್ಳುವುದನ್ನು ಮೊದಲೇ ಅಭ್ಯಾಸ ಮಾಡಿ ನೋಡಿದವನಿಗೆ ಮಾತ್ರ ಇಟ್ಟುಕೊಳ್ಳುವ ಅಧಿಕಾರ ಬರುವುದೆಂಬ ಮಾತು ವೈರಾಗ್ಯದ ಗ್ರಂಥಗಳಲ್ಲಿ ಇರಬೇಕಾದದ್ದು. ಅದು ಇಲ್ಲಿ ಕೇವಲ ವ್ಯವಹಾರಜ್ಞಾನವಾಗಿ ಬಂದಿದೆ.

ಈಗ ವಿಜ್ಞಾನೇಶ್ವರನೆದುರಿಗೆ ಒಡ್ಡಿದ ಆ ಕಳ್ಳನ ಪ್ರಶ್ನೆಗೆ ಬರೋಣ. ಯಾವನೋ ಒಬ್ಬನು ಆ ಹಾಳೆಯನ್ನು ನೋಡಿ ಪದಗಳನ್ನು ತಿಳಿದುಕೊಂಡು ನಾಣ್ಯವನ್ನು ತನ್ನ ವಿಳಾಸಕ್ಕೆ ದಾಟಿಸಿಕೊಂಡನೆನ್ನಿ. ಲೆಕ್ಕದ ಪುಸ್ತಕವು ಅವನ ಸಹಿಯನ್ನು ಪರೀಕ್ಷಿಸುತ್ತದೆ, ಸಹಿ ಸರಿಯಾಗಿಯೇ ಇದೆ, ಸಾಲು ದಾಟಿತು. ಕ್ರಯವೋ ದಾನವೋ ಚೌರ್ಯವೋ ಎಂದು ಅದು ಕೇಳುವುದಿಲ್ಲ. ಕೇಳುವ ಅವಯವವೇ ಅದಕ್ಕಿಲ್ಲ. ಸ್ವಾಮಿಯಾಗುವುದಕ್ಕೆ ರಿಕ್ಥ, ಕ್ರಯ, ಸಂವಿಭಾಗ, ಪರಿಗ್ರಹ, ಅಧಿಗಮಗಳೆಂದು ಧರ್ಮಸೂತ್ರಕಾರ ಗೌತಮನು ಐದು ಕಾರಣಗಳನ್ನು ಎಣಿಸಿದನು. ಇಲ್ಲಿ ಐದೂ ಅಳಿಸಿಹೋಗಿ ಆರನೆಯದೊಂದೇ, ಕೀಲಿಯ ಅರಿವೊಂದೇ, ಉಳಿದಿದೆ. ಕೀಲಿ ನಿನ್ನದಲ್ಲದಿದ್ದರೆ ನಾಣ್ಯವೂ ನಿನ್ನದಲ್ಲ ಎಂಬ ಘೋಷವಾಕ್ಯವನ್ನು ಈ ಕ್ಷೇತ್ರದವರೆಲ್ಲರೂ ಹೇಳುವರು. ಎಕ್ಸ್‌ಚೇಂಜನ್ನು ನಂಬಬೇಡವೆಂಬ ಎಚ್ಚರಿಕೆಯಾಗಿ ಅದು ಉತ್ತಮವಾದ ಮಾತು; ತತ್ತ್ವವಾಗಿ ಅದು ಅಸಾಧು. ಏಕೆಂದರೆ ಅದನ್ನು ತಿರುಗಿಸಿ ಓದಿದರೆ, ಕೀಲಿ ಸಿಕ್ಕಿದ ಕಳ್ಳನದೇ ನಾಣ್ಯವೆಂಬ ಪೂರ್ವಪಕ್ಷಿಯ ಮಾತೇ ಆಯಿತು. ಕೀಲಿಯು ಕೊಡುವುದು ವಶವನ್ನು. ಸ್ವತ್ವವನ್ನು ಕೊಡುವುದು, ಇದು ಇವನಿಗೆ ಹೀಗೆ ಬಂತೆಂದು ಬಲ್ಲ ಲೋಕ. ಲೋಕವಿಲ್ಲದ ಕಡೆ ವಶವಿರಬಹುದು, ಸ್ವತ್ವವಿರಲಾರದು.

ಇದು ಕೇವಲ ಪಂಡಿತರ ತರ್ಕವಲ್ಲವೆಂಬುದಕ್ಕೆ ಈಚಿನ ನಿದರ್ಶನವಿದೆ. ವಾಜಿರ್‌ಎಕ್ಸ್‌ನ ಕಳವಿನ ತರುವಾಯ ಖಾತೆ ಸ್ತಂಭಿತವಾದ ಗ್ರಾಹಕರೊಬ್ಬರ ಮೊರೆಯ ಮೇಲೆ ಮದ್ರಾಸ್ ಉಚ್ಚ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ, ಕ್ರಿಪ್ಟೊ ನಾಣ್ಯವು ಮುಟ್ಟಬಹುದಾದ ವಸ್ತುವಲ್ಲದಿದ್ದರೂ ಸ್ವತ್ತೇ ಸರಿ, ಅನುಭವಿಸತಕ್ಕದ್ದು, ನ್ಯಾಸವಾಗಿ ಇಡತಕ್ಕದ್ದು ಎಂದು ಹೇಳಿತು. ಕೀಲಿ ಅವರ ಕೈಯಲ್ಲಿರಲಿಲ್ಲ. ಆದರೂ ನಾಣ್ಯ ಅವರದೆಂದಾಯಿತು, ಏಕೆಂದರೆ ಕೊಂಡ ದಾಖಲೆಯಿತ್ತು, ಕಟ್ಟುಪಾಡಿಗೆ ಒಳಪಟ್ಟ ನಿಕ್ಷೇಪಧಾರಿಯಿದ್ದನು, ಕೇಳುವ ಪೀಠವಿದ್ದಿತು. ಸ್ವಂತ ವಾಲೆಟ್ಟಿನಿಂದ ಕಳೆದುಕೊಂಡವನಿಗೂ ಇದೇ ಹಕ್ಕುಂಟು. ಆಜ್ಞೆಯನ್ನು ಯಾರ ಮೇಲೆ ಹೊರಡಿಸಬೇಕೆಂಬುದೇ ತೊಡಕು.

ಲೋಕದ ಅಭಾವವು ಅತ್ಯಂತ ಕಠಿನವಾಗಿ ತೋರುವುದು ಮರಣದಲ್ಲಿ. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರಕ್ಕೆ ಪ್ರವಾಸ ಬಂದವನು ಅಲ್ಲಿಯೇ ತೀರಿಕೊಂಡನು. ಕೀಲಿಗಳು ಅವನೊಬ್ಬನಿಗೇ ಗೊತ್ತಿದ್ದವೆಂದು ಸಂಸ್ಥೆ ಕೈಚೆಲ್ಲಿತು. ಆಮೇಲೆ ಒಂಟಾರಿಯೊ ಪ್ರಾಂತದ ಹೂಡಿಕೆ ನಿಯಂತ್ರಕರು ವಿಚಾರಿಸಿ ನೋಡಿದಾಗ ಬದುಕಿದ್ದಾಗಲೇ ಅವನು ಗ್ರಾಹಕರ ಹಣವನ್ನು ವಂಚನೆಯಿಂದ ಕರಗಿಸಿದ್ದನೆಂದು ತಿಳಿಯಿತು. ನಷ್ಟವು ಕನಿಷ್ಠ 16.9 ಕೋಟಿ ಕೆನಡಾ ಡಾಲರು. ವಂಚಕನ ಮಾತು ಅತ್ತ ಇರಲಿ. ಪ್ರಾಮಾಣಿಕನಾದ ಗೃಹಸ್ಥನೂ ಹನ್ನೆರಡು ಪದಗಳನ್ನು ಯಾರಿಗೂ ಹೇಳದೆ ಸತ್ತರೆ, ಅವನ ಹೆಂಡತಿ ಮಕ್ಕಳ ಪಾಲಿಗೆ ಫಲವು ಬೇರೆಯಲ್ಲ. ರಿಕ್ಥವೆಂಬುದು, ಅಂದರೆ ದಾಯವಾಗಿ ಬರುವುದು, ಗೌತಮನ ಎಣಿಕೆಯಲ್ಲಿ ಮೊದಲನೆಯ ಕಾರಣ. ಮಿತಾಕ್ಷರೆಯ ಮತದಲ್ಲಿ ಪುತ್ರನಿಗೆ ಪೈತೃಕ ಧನದಲ್ಲಿ ಹಕ್ಕು ಜನ್ಮದಿಂದಲೇ ಬರುವುದು. ಈ ಲೆಕ್ಕದ ಪುಸ್ತಕಕ್ಕೆ ಜನ್ಮವೂ ಗೊತ್ತಿಲ್ಲ, ಮರಣವೂ ಗೊತ್ತಿಲ್ಲ. ಸತ್ತವನ ಸಾಲು ಅದರಲ್ಲಿ ಹಾಗೆಯೇ, ಎಲ್ಲರೂ ನೋಡುವಂತೆ, ಯಾರೂ ಮುಟ್ಟದಂತೆ, ನಿಂತಿರುವುದು. ಎರಡು ಕೋಟಿ ಹತ್ತು ಲಕ್ಷಕ್ಕೆ ಮೀರದಂತೆ ಕಟ್ಟಿದ ಆ ನಾಣ್ಯರಾಶಿಯಲ್ಲಿ ಹೀಗೆ ಯಜಮಾನರಿಲ್ಲದೆ ನಿಂತುಹೋದದ್ದು ಸ್ವಲ್ಪವೇನಲ್ಲ.

ಈ ವ್ಯವಸ್ಥೆಯೊಳಗೇ ಲೋಕವನ್ನು ಮತ್ತೆ ಕರೆತರುವ ಉಪಾಯವೂ ಇಲ್ಲದಿಲ್ಲ. ಮೂರು ಕೀಲಿಗಳನ್ನು ಮಾಡಿ, ಎರಡು ಕೂಡಿದರೆ ಮಾತ್ರ ಹಣ ದಾಟುವಂತೆ ಕಟ್ಟಬಹುದು. ಮಲ್ಟಿಸಿಗ್ ಎಂದು ಅದರ ಹೆಸರು. ಒಂದು ತನ್ನಲ್ಲಿ, ಒಂದು ಹೆಂಡತಿಯಲ್ಲಿ, ಒಂದು ನಂಬಿಕೆಯ ಸೋದರನಲ್ಲಿ ಇದ್ದರೆ, ಒಂದು ಕಳೆದರೂ ಹಣ ಉಳಿಯುವುದು, ಒಂದು ಕಳ್ಳನಿಗೆ ಸಿಕ್ಕರೂ ಹಣ ಹೋಗದು. ಹಾಗೆಂದು ಇದೂ ಅಭೇದ್ಯವಲ್ಲ. ವಾಜಿರ್‌ಎಕ್ಸ್‌ನಲ್ಲಿ ಕಳುವಾದದ್ದು ಕೂಡ ಇಂಥ ಬಹುಕೀಲಿಯ ವಾಲೆಟ್ಟಿನಿಂದಲೇ. ಸಾಕ್ಷಿಗಳೆಲ್ಲರೂ ಒಂದೇ ಮೋಸಕ್ಕೆ ಒಳಗಾಗಿ ಸಹಿಹಾಕಿದರೆ ಸಾಕ್ಷಿಗಳ ಸಂಖ್ಯೆಯಿಂದ ಏನು ಫಲ? ಆದರೂ ತಾನೊಬ್ಬನೇ ತನ್ನ ಧನಕ್ಕೆ ರಾಜನೂ ಭಂಡಾರಿಯೂ ಕಾವಲುಗಾರನೂ ಆಗಿರುವ ಸ್ಥಿತಿಗಿಂತ ಈ ಕೂಡುಕೀಲಿಯೇ ಸ್ವತ್ವಕ್ಕೆ ಸಮೀಪವಾದದ್ದೆಂದು ನನ್ನ ನಿರ್ಣಯ. ನನ್ನ ಅಳಿಯನು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಇನ್ನೊಬ್ಬರನ್ನು ನಂಬಬೇಕಾದರೆ ಬ್ಯಾಂಕೇ ಆಗಬಹುದಿತ್ತಲ್ಲ ಎಂದನು. ಹೆಂಡತಿಯನ್ನು ನಂಬುವುದೂ ಬ್ಯಾಂಕನ್ನು ನಂಬುವುದೂ ಒಂದೇ ಜಾತಿಯ ನಂಬಿಕೆಯೇ ಎಂದು ಕೇಳಿದೆ. ಆಗ ನಕ್ಕನು.

ಮೊದಲ ವಾಲೆಟ್ಟನ್ನು ತೆರೆಯಲು ಹೊರಟಿರುವ ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಸಂಸಾರದ ಖರ್ಚಿಗೆ ಬೇಕಾದ ಹಣವನ್ನು ಅದರಲ್ಲಿ ಇಡಬೇಡಿ. ತುಂಬುವುದಕ್ಕೆ ಮುಂಚೆ ಒಮ್ಮೆ ಅಳಿಸಿ, ಹಾಳೆಯಿಂದ ಮರಳಿ ಪಡೆದು ನೋಡಿ. ನಿಮ್ಮ ಪದಗಳನ್ನು ಕೇಳುವವನು, ಸಹಾಯ ಮಾಡುವೆನೆಂದು ಬಂದವನಾದರೂ, ಕಳ್ಳನೇ, ಕೊಡಬೇಡಿ. ಹಾಳೆಯ ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇಡಿ. ಉಯಿಲು ಹಲವರ ಕೈ ಹಾಯುವ ಕಾಗದವಾದ್ದರಿಂದ ಅದರಲ್ಲಿ ಪದಗಳನ್ನು ಬರೆಯದೆ, ಇಂಥದೊಂದು ಧನವುಂಟು, ಅದು ಇಂಥವರಿಗೆ ಸಲ್ಲಬೇಕು, ಅದರ ಹಾಳೆ ಇಂಥವರ ಬಳಿ ಇದೆ ಎಂದಷ್ಟನ್ನು ಬರೆದು ಸಹಿಮಾಡಿ. ಮತ್ತು ಆ ಇಂಥವರು ಯಾರೋ ಅವರಿಗೆ ಈ ವಾರದೊಳಗೆ ಬಾಯಿಬಿಟ್ಟು ತಿಳಿಸಿ.